ದೊಡ್ಡ ಸ್ವಾಮಿಯವರೆನಿಸಿದ ಅಬ್ಬೆ ದುಬಾಯ್‌ರವರ ಚರಿತ್ರೆ

ನಮ್ಮ ಶಾಲೆಯ ಸ್ಮರಣ ಸಂಚಿಕೆಗಾಗಿ ಒಬ್ಬ ಮಹನೀಯರ ಚರಿತ್ರೆಯನ್ನು ಬರೆದುಕೊಡಬೇಕೆಂದು ಮಂಡಲಿಯವರು ಕೇಳಿಕೊಂಡಾಗ, ಯಾರನ್ನು ಕುರಿತು ಬರೆಯೋಣವೆಂದು ನಾವು ಬಹಳ ದಿನ ಆಲೋಚಿಸಿದೆವು. ಅರಸರ ದಿಗ್ವಿಜಯಗಳನ್ನೂ ಸೇನಾಪತಿಗಳ ಪರಾಕ್ರಮಗಳನ್ನೂ ನಮ್ಮ ಹುಡುಗಿಯರು ಪಾಠದ ಪುಸ್ತಕಗಳಲ್ಲಿ ಓದಿಯೇ ಇರುತ್ತಾರೆ. ಆದರೆ ಯುದ್ಧವು ಮುಗಿದು ಒಡಂಬಡಿಕೆಗೆ ಮುದ್ರೆ ಬಿದ್ದ ಮರುದಿನ, ಮನೆಮಾರು ಕಳೆದುಕೊಂಡ ಜನರು ಎಲ್ಲಿಗೆ ಹೋದರು, ಅವರ ಹೊಲಗಳು ಯಾರ ಪಾಲಾದವು, ಅವರನ್ನು ಕೈಹಿಡಿದು ಎತ್ತಿದವರು ಯಾರು ಎಂಬ ಸಂಗತಿಯು ಆ ಪುಸ್ತಕಗಳಲ್ಲಿ ಒಂದೆರಡು ಸಾಲುಗಳಲ್ಲಿ ಮುಗಿದುಹೋಗುತ್ತದೆ. ಆದುದರಿಂದ ಅಂಥ ಜನರ ನಡುವೆ ಬಾಳನ್ನು ಸವೆಸಿದ ಒಬ್ಬ ಪಾದ್ರಿಗಳ ಚರಿತ್ರೆಯನ್ನು ಇಲ್ಲಿ ಹೇಳಲು ಮನಸ್ಸು ಮಾಡಿದೆವು.

ಮುಂಡಗೋಡದವರಾದ ನಮಗೆ ಈ ವಿಷಯವು ದೂರದ್ದಲ್ಲ. ನಮ್ಮ ನೆರೆಯ ಸೋದೆಯ ಅರಸರು ಹೈದರ್ ಅಲಿಯ ದಂಡು ಬಂದಾಗ, ೧೭೬೪ನೆಯ ಇಸವಿಯ ಸುಮಾರಿಗೆ, ರಾಜ್ಯವನ್ನು ಬಿಟ್ಟು ಗೋವೆಯ ಪೋರ್ತುಗೀಜರ ಆಶ್ರಯಕ್ಕೆ ಹೋದರು. ಅವರ ವಂಶವು ಅಲ್ಲಿಯೇ ನಿಂತಿತು. ಇನ್ನು ನಮ್ಮ ಕಾಲದ ಮಾತೆಂದರೆ, ೧೯೫೯ರಲ್ಲಿ ತಮ್ಮ ದೇಶವನ್ನು ತೊರೆದು ಬಂದ ಟಿಬೆಟಿನ ಜನರು ೧೯೬೬ರಿಂದ ಇದೇ ತಾಲೂಕಿನಲ್ಲಿ ನೆಲೆನಿಂತು, ಕಾಡನ್ನು ಹಸನು ಮಾಡಿ ಬೆಳೆ ತೆಗೆದಿದ್ದಾರೆ. ಗಡಿಯನ್ನು ದಾಟಿ ಬಂದವರಿಗೆ ನಿರಾಶ್ರಿತರೆಂಬ ಹೆಸರಾದರೂ ಉಂಟು. ತಮ್ಮ ನಾಡಿನೊಳಗೇ ಒಂದು ಸೀಮೆಯಿಂದ ಇನ್ನೊಂದು ಸೀಮೆಗೆ ಕೀಳಿಸಿಕೊಂಡು ಹೋದವರಿಗೆ ಆ ಹೆಸರೂ ಇಲ್ಲ. ಅವರು ಎಲ್ಲರ ನಡುವೆ ಇದ್ದೂ ಯಾರ ಲೆಕ್ಕಕ್ಕೂ ಬಾರದವರಾಗುತ್ತಾರೆ. ನಾವು ಹೇಳಲಿರುವದು ಇಂಥವರ ಕಥೆ.

ಜಾನ್ ಆಂತ್ವಾನ್ ದುಬಾಯ್ ಎಂಬವರು ೧೭೬೬ನೆಯ ಇಸವಿಯಲ್ಲಿ ಫ್ರಾನ್ಸ್ ದೇಶದ ದಕ್ಷಿಣ ಭಾಗದಲ್ಲಿರುವ ಸೈಂಟ್ ರೆಮೇಜ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಫ್ರೆಂಚ್ ಭಾಷೆಯಲ್ಲಿ ಪಾದ್ರಿಗಳನ್ನು ಅಬ್ಬೆ ಎಂದು ಕರೆಯುವ ವಾಡಿಕೆಯುಂಟಾದ್ದರಿಂದ ಅವರಿಗೆ ಅಬ್ಬೆ ದುಬಾಯ್ ಎಂಬ ಹೆಸರು ನಿಂತಿತು. ೧೭೯೨ರಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ, ಅವರಿಗೆ ಯಾಜಕದೀಕ್ಷೆಯಾಯಿತು. ಆ ಕಾಲವಾದರೋ ಅತಿ ಭಯಂಕರವಾದುದು. ೧೭೮೯ರಲ್ಲಿ ಆರಂಭವಾದ ಕ್ರಾಂತಿಯು ಆಗ ಉರಿಯಾಗಿ ಹಬ್ಬಿತ್ತು. ಹೊಸ ಸರಕಾರಕ್ಕೆ ಪ್ರಮಾಣ ಮಾಡಲೊಲ್ಲದ ಪಾದ್ರಿಗಳು ಸೆರೆಮನೆಗೂ ಗಡೀಪಾರಿಗೂ ಗುರಿಯಾಗುತ್ತಿದ್ದರು. ಅನೇಕರು ಪ್ರಾಣವನ್ನೇ ಕಳೆದುಕೊಂಡರು. ದುಬಾಯ್‌ರವರು ಅದೇ ವರ್ಷ ಪ್ಯಾರಿಸಿನ ವಿದೇಶೀ ಮಿಶನ್ ಸಂಸ್ಥೆಯನ್ನು ಸೇರಿ ಹಡಗನ್ನೇರಿ ಹಿಂದುಸ್ಥಾನಕ್ಕೆ ಹೊರಟುಬಂದರು. ತಾವು ಅಲ್ಲಿಯೇ ಉಳಿದಿದ್ದರೆ ಬಹುಶಃ ಆ ಕ್ರಾಂತಿಗೆ ಬಲಿಯಾಗುತ್ತಿದ್ದೆವೆಂದು ಅವರು ಮುಂದೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಓದುವವರು ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇವೆ. ಮುಂದೆ ಇದರ ಕೆಲಸ ಬೀಳುವದು.

ಅವರು ಪುದುಚೇರಿಯ ಮಿಶನ್ನಿಗೆ ಸೇರಿ ತಮಿಳು ಸೀಮೆಯಲ್ಲಿ ಕೆಲವು ವರ್ಷ ದುಡಿದರು. ಊರ ಜನರ ನಡೆನುಡಿಯನ್ನು ಅರಿಯದೆ ಅವರಿಗೆ ಬೋಧಿಸುವದು ವ್ಯರ್ಥವೆಂದು ಕಂಡುಕೊಂಡು, ಯುರೋಪಿಯನರ ಸಹವಾಸವನ್ನು ಬಿಟ್ಟರು, ಈ ನಾಡಿನವರಂತೆ ಉದ್ದನೆಯ ಅಂಗಿ ತೊಟ್ಟು ಮುಂಡಾಸು ಸುತ್ತಿದರು, ಮಾಂಸಾಹಾರವನ್ನು ತ್ಯಜಿಸಿದರು. ಜನರು ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆಯತೊಡಗಿದರು.

ಇತ್ತ ಕನ್ನಡನಾಡಿನ ಕರಾವಳಿಯಲ್ಲಿ ನಡೆದುದನ್ನು ಈಗ ಹೇಳಬೇಕು. ೧೭೮೦ರಿಂದ ೧೭೮೪ರ ವರೆಗೆ ಮೈಸೂರಿಗೂ ಇಂಗ್ಲಿಷ್ ಕಂಪನಿಗೂ ಎರಡನೆಯ ಯುದ್ಧವು ನಡೆಯಿತು. ೧೭೮೩ರಲ್ಲಿ ಜನರಲ್ ಮ್ಯಾಥ್ಯೂಸನು ಮಂಗಳೂರನ್ನು ಹಿಡಿದನು. ಟಿಪ್ಪು ಸುಲ್ತಾನನು ಅದೇ ವರ್ಷ ಬಂದು ಮುತ್ತಿಗೆ ಹಾಕಿ, ೧೭೮೪ರ ಜನವರಿಯಲ್ಲಿ ಕೋಟೆಯನ್ನು ಮರಳಿ ಪಡೆದನು. ಕೆನರಾದ ಕ್ರೈಸ್ತರು ಶತ್ರುವಿಗೆ ಹಣದಿಂದಲೂ ಸುದ್ದಿಯಿಂದಲೂ ನೆರವಾದರೆಂಬ ಸಂಶಯವು ಅವನಿಗೆ ಬಲವಾಗಿತ್ತು. ಕೆಲವರು ನೆರವಾಗಿದ್ದಿರಬಹುದು, ದಂಡನೆಯಾದರೋ ಹಾಲು ಕುಡಿಯುವ ಕೂಸಿನವರೆಗೆ ಎಲ್ಲರಿಗೂ ಬಿದ್ದಿತು. ೧೭೮೪ನೆಯ ಇಸವಿ ಫೆಬ್ರುವರಿ ೨೪ನೆಯ ತಾರೀಖು, ತಪಸ್ಸುಕಾಲದ ಬೂದಿ ಬುಧವಾರದ ಸುಮಾರಿಗೆ, ಒಂದೇ ಸಮಯದಲ್ಲಿ ಊರೂರುಗಳಲ್ಲಿ ಕ್ರೈಸ್ತರನ್ನು ಹಿಡಿಯಲಾಯಿತು. ಪಾದ್ರಿಗಳನ್ನು ಗೋವೆಗೆ ಅಟ್ಟಿದರು, ಇಗರ್ಜಿಗಳನ್ನು ಕೆಡವಿದರು, ಹೊಲಮನೆಗಳನ್ನು ಮುಟ್ಟುಗೋಲು ಹಾಕಿದರು. ಜನರನ್ನು ಘಟ್ಟ ಹತ್ತಿಸಿ, ಸುಮಾರು ಆರು ವಾರಗಳ ದಾರಿಯನ್ನು ನಡೆಸಿ, ಶ್ರೀರಂಗಪಟ್ಟಣಕ್ಕೆ ಒಯ್ದರು. ಒಯ್ದವರ ಸಂಖ್ಯೆಯನ್ನು ಕೆಲವರು ಮೂವತ್ತು ಸಾವಿರವೆಂದೂ ದುಬಾಯ್‌ರವರು ಅರವತ್ತು ಸಾವಿರವೆಂದೂ ಬರೆದಿದ್ದಾರೆ. ಹಸಿವೆಯಿಂದಲೂ ಜ್ವರದಿಂದಲೂ ದಾರಿಯಲ್ಲಿಯೇ ಸಾವಿರಾರು ಜನರು ಮಡಿದರು. ಉಳಿದ ಗಂಡಸರಲ್ಲಿ ಬಹಳ ಮಂದಿಯನ್ನು ಮತಾಂತರಿಸಿ, ಹೆಸರನ್ನು ಬದಲಿಸಿ, ದಂಡಿನ ಅಹಮದಿ ದಳಗಳಿಗೆ ಸೇರಿಸಿದರು. ಮಾರ್ಚ್ ೧೧ರಂದು ಮಂಗಳೂರಿನಲ್ಲಿ ಸಂಧಿಯಾಯಿತು, ಯುದ್ಧವು ನಿಂತಿತು. ಒಯ್ಯಲ್ಪಟ್ಟ ಈ ಜನರು ಮಾತ್ರ ಮರಳಲಿಲ್ಲ.

ಇದನ್ನು ನಾವು ಯಾವ ಮತದವರ ಮೇಲೂ ದ್ವೇಷವನ್ನು ಹುಟ್ಟಿಸಲಿಕ್ಕೆ ಹೇಳುತ್ತಿಲ್ಲ. ೧೭೯೧ರಲ್ಲಿ ಮರಾಠರ ದಂಡಿನವರು ಶೃಂಗೇರಿಯನ್ನು ಸುಲಿದಾಗ ಅಲ್ಲಿಯ ಸ್ವಾಮಿಗಳು ಮಠವನ್ನು ಬಿಟ್ಟು ಕಾರ್ಕಳಕ್ಕೆ ಹೋಗಬೇಕಾಯಿತು. ಆಗ ಮಠದ ಪುನಃಸ್ಥಾಪನೆಗೆ ದ್ರವ್ಯವನ್ನು ಕಳುಹಿಸಿಕೊಟ್ಟವನು ಇದೇ ಟಿಪ್ಪು ಸುಲ್ತಾನನು. ಸುಲಿದವರೂ ಸುಲಿಸಿಕೊಂಡವರೂ ಅಲ್ಲಿ ಒಂದೇ ಧರ್ಮದವರು. ದಂಡು ನಡೆಯುವ ದಾರಿಯಲ್ಲಿ ಬಡವನ ಮನೆಯು ಯಾವ ಮತದ್ದಾದರೇನು, ಮೊದಲು ಹಾಳಾಗುವದು ಅದೇ.

೧೭೯೯ನೆಯ ಇಸವಿ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದಿತು. ಟಿಪ್ಪು ಸುಲ್ತಾನನು ಯುದ್ಧದಲ್ಲಿ ಮಡಿದನು. ಸೆರೆಯ ಬಾಗಿಲು ತೆರೆಯಿತೆಂದು ಹೇಳುವದು ಸುಲಭ. ಆದರೆ ಹದಿನೈದು ವರ್ಷಗಳು ಕಳೆದಿದ್ದವು. ಹತ್ತು ವರ್ಷದವಳಾಗಿ ಹೋದ ಹುಡುಗಿಯು ಈಗ ಇಪ್ಪತ್ತೈದರ ಹೆಂಗಸು; ಆಕೆಯ ಮಕ್ಕಳು ಕರಾವಳಿಯನ್ನೇ ಕಾಣದವರು. ಊರಿಗೆ ಹೋಗೋಣವೆಂದರೆ ಗದ್ದೆಯನ್ನು ಬೇರೊಬ್ಬರು ಉಳುತ್ತಿದ್ದಾರೆ. ಮತಕ್ಕೆ ಮರಳೋಣವೆಂದರೆ ಪಾದ್ರಿಗಳಿಲ್ಲ. ಹಿಂದೆ ಮೈಸೂರು ಸೀಮೆಯಲ್ಲಿ ದುಡಿದ ಯೇಸುಸಭೆಯವರ ಸಂಸ್ಥೆಯೇ ೧೭೭೩ರಲ್ಲಿ ರದ್ದಾಗಿತ್ತು. ಇಂಥ ಸಮಯದಲ್ಲಿ, ಪಟ್ಟಣದ ಅಧಿಕಾರವನ್ನು ವಹಿಸಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಶಿಫಾರಸಿನ ಮೇಲೆ, ದುಬಾಯ್‌ರವರು ಚದರಿಹೋದ ಕ್ರೈಸ್ತಸಭೆಯನ್ನು ಕೂಡಿಸುವದಕ್ಕಾಗಿ ಮೈಸೂರು ಸೀಮೆಗೆ ಬಂದರು. ಆಗ ಅವರಿಗೆ ಮೂವತ್ತಮೂರು ಮೂವತ್ತನಾಲ್ಕು ವರ್ಷ. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅವರು ೧೮೦೦ರಲ್ಲಿ ಕಟ್ಟಿಸಿದ ಇಗರ್ಜಿಯನ್ನು ಇಂದಿಗೂ ಜನರು ಅವರ ಹೆಸರಿನಿಂದಲೇ ಕರೆಯುತ್ತಾರೆ.

ಅವರ ಮೊದಲನೆಯ ಕೆಲಸವು ಅತಿ ಕಠಿಣವಾಗಿತ್ತು. ಸೆರೆಯಲ್ಲಿದ್ದು ಬಂದವರನ್ನು ಸಮಾಜವು ಎರಡು ಬಗೆಯಾಗಿ ದಂಡಿಸುತ್ತದೆ. ಶತ್ರುವು ಮಾಡಿದ ದಂಡನೆಯು ಒಂದು. ಸ್ವಂತ ಜನರ ಸಂಶಯವು ಇನ್ನೊಂದು. ನೀನು ಅಲ್ಲಿ ಏನು ತಿಂದೆ, ಯಾರ ಹೆಸರಿಟ್ಟುಕೊಂಡೆ, ಯಾರ ಮನೆಯಲ್ಲಿದ್ದೆ ಎಂಬ ಪ್ರಶ್ನೆಗಳು ಕತ್ತಿಗಿಂತಲೂ ಹರಿತವಾದವು. ಗಂಡಸಿಗೆ ಈ ಪ್ರಶ್ನೆಗಳು ವರ್ಷದ ಮೇಲೆ ನಿಂತಾವು. ಹೆಂಗಸಿಗೆ ಜೀವಮಾನವಿಡೀ ನಿಲ್ಲುವದಿಲ್ಲ. ದುಬಾಯ್‌ರವರು ಹೀಗೆ ಮತವನ್ನು ಬಿಡಬೇಕಾಗಿ ಬಂದವರಲ್ಲಿ ಸುಮಾರು ೧೮೦೦ ಜನರನ್ನು ಸಭೆಯೊಳಗೆ ಮರಳಿ ಸೇರಿಸಿಕೊಂಡರು.

ಆದರೂ ಅವರ ಚರಿತ್ರೆಯಲ್ಲಿ ನಮ್ಮ ಮನಸ್ಸಿಗೆ ನೋವುಂಟುಮಾಡುವ ಸಂಗತಿಯೊಂದು ಉಂಟು. ಅದನ್ನು ಬಚ್ಚಿಟ್ಟರೆ ನಾವು ಸತ್ಯಕ್ಕೆ ತಪ್ಪಿದಂತಾಗುವದು. ಬಹಳ ವರ್ಷಗಳ ಮೇಲೆ ಪ್ರಕಟಿಸಿದ ಪತ್ರಗಳಲ್ಲಿ ಅವರು ಈ ಜನರನ್ನು ಕುರಿತು ಕಹಿಯಾಗಿ ಬರೆದರು. ಅಷ್ಟು ಸಾವಿರ ಜನರಲ್ಲಿ ಮತಕ್ಕಾಗಿ ಪ್ರಾಣಕೊಡುವ ಧೈರ್ಯವುಳ್ಳವನು ಒಬ್ಬನೂ ಇರಲಿಲ್ಲವೆಂಬುದು ಅವರ ಆಕ್ಷೇಪ. ನಾವು ಮೇಲೆ ನೆನಪಿನಲ್ಲಿಡಲು ಬೇಡಿದ ಮಾತಿನ ಕೆಲಸ ಇಲ್ಲಿ ಬಿದ್ದಿತು. ಕ್ರಾಂತಿಯ ಕಾಲದಲ್ಲಿ ಹಡಗು ಸಿಕ್ಕಿ ಬದುಕಿದವರು ಅವರು; ಹಡಗು ಸಿಕ್ಕದೆ ಘಟ್ಟ ಹತ್ತಿದವರು ಕೆನರಾದವರು. ಹಸಿದ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಆರು ವಾರ ನಡೆದ ತಾಯಿಯ ಧೈರ್ಯವನ್ನು ತೂಗುವ ತಕ್ಕಡಿಯು ಯಾರ ಕೈಯಲ್ಲಿದೆ? ಪೇತ್ರನು ಕೋಳಿ ಕೂಗುವದರೊಳಗೆ ಮೂರು ಸಾರಿ ತನ್ನ ಗುರುವನ್ನು ಅರಿಯೆನೆಂದನು. ಕರ್ತನು ಅವನನ್ನು ಹೊರಗೆ ಹಾಕಲಿಲ್ಲ, ಕುರಿಗಳನ್ನು ಕಾಯುವ ಕೆಲಸಕ್ಕೆ ಹಚ್ಚಿದನು. ದುಬಾಯ್‌ರವರ ಲೇಖನಿಯು ಕಠಿಣವಾಗಿತ್ತು, ಕೈಗಳು ಮೃದುವಾಗಿದ್ದವು. ನಾವು ಅವರ ಕೈಗಳನ್ನು ನೋಡಿ ಕಲಿಯೋಣ.

ಆ ಕೈಗಳು ಮಾಡಿದ ಎರಡು ಕೆಲಸಗಳು ವಿಶೇಷವಾಗಿ ಹೇಳತಕ್ಕವು. ಮೊದಲನೆಯದು ಭೂಮಿಯ ಕೆಲಸ. ದಂಡು ಒಡೆದು ಸಂಬಳ ನಿಂತ ಮೇಲೆ ಈ ಜನರಿಗೆ ಹೊಟ್ಟೆಯ ದಾರಿಯಿರಲಿಲ್ಲ. ಧರ್ಮಛತ್ರದ ಅನ್ನವು ಒಂದು ತಿಂಗಳು ಪ್ರಾಣವನ್ನು ಉಳಿಸುತ್ತದೆ. ಒಂದು ವರ್ಷ ಉಂಡರೆ ಮನುಷ್ಯನ ಮಾನವನ್ನು ತಿಂದುಹಾಕುತ್ತದೆ. ಇದನ್ನರಿತು ದುಬಾಯ್‌ರವರು ಬಡ ಕ್ರೈಸ್ತರಿಗಾಗಿ ಬೇಸಾಯದ ಹಳ್ಳಿಗಳನ್ನು ನೆಲೆಗೊಳಿಸಿದರು. ಹಾಸನದ ಸಮೀಪದ ಸಾತಹಳ್ಳಿಯು ಅವುಗಳಲ್ಲಿ ಮುಖ್ಯವಾದುದು. ಊರಿಲ್ಲದವನಿಗೆ ಊರು, ಉಳಲಿಕ್ಕೆ ಹೊಲ, ಬಾರಿಸಲಿಕ್ಕೆ ಇಗರ್ಜಿಯ ಗಂಟೆ: ಇಷ್ಟಾದರೆ ಜನರು ತಾವೇ ಎದ್ದು ನಿಲ್ಲುತ್ತಾರೆಂಬುದನ್ನು ಆ ಹಳ್ಳಿಗಳು ತೋರಿಸಿಕೊಟ್ಟವು.

ಇದೇ ಪ್ರಶ್ನೆಯು ಕರಾವಳಿಯಲ್ಲಿ ಬೇರೆ ರೂಪದಲ್ಲಿ ಎದ್ದಿತು. ೧೭೯೯ರ ತರುವಾಯ ಸಾವಿರಾರು ಜನರು ಕೆನರಾಕ್ಕೆ ಮರಳಿದರು. ಹದಿನೈದು ವರ್ಷ ಉತ್ತು ಬಿತ್ತಿದವನಿಗೂ ಅದಕ್ಕೆ ಮೊದಲು ಒಡೆಯನಾಗಿದ್ದವನಿಗೂ ನ್ಯಾಯವನ್ನು ಹೇಗೆ ಹಂಚಬೇಕು? ಥಾಮಸ್ ಮನ್ರೋ ಸಾಹೇಬರ ತರುವಾಯ ಕಲೆಕ್ಟರರಾದ ರೇವನ್‌ಷಾ ಸಾಹೇಬರ ಸಹಾಯದಿಂದ ಹಲವರಿಗೆ ಹಳೆಯ ಆಸ್ತಿಗಳು ಮರಳಿ ದೊರೆತವು, ಎಲ್ಲರಿಗೂ ದೊರೆಯಲಿಲ್ಲ. ಕೊಡಗಿನ ದೊಡ್ಡ ವೀರರಾಜೇಂದ್ರ ಒಡೆಯನಾದರೋ ಇದಕ್ಕೂ ಮೊದಲೇ, ತಾನು ಕಟ್ಟಿಸಿದ ವೀರರಾಜಪೇಟೆಯಲ್ಲಿ, ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಸ್ಥಳವನ್ನು ಕೊಟ್ಟಿದ್ದನು. ಅಲ್ಲಿಯ ಇಗರ್ಜಿಯು ೧೭೯೨ರದ್ದು. ಆ ಅರಸನು ತಾನೇ ಪಿರಿಯಾಪಟ್ಟಣದ ಸೆರೆಯಲ್ಲಿದ್ದು ೧೭೮೮ರಲ್ಲಿ ತಪ್ಪಿಸಿಕೊಂಡು ಬಂದವನು. ಸೆರೆಯ ಕಷ್ಟವನ್ನು ಉಂಡವನಿಗೆ ಅರ್ಜಿಯನ್ನು ವಿವರಿಸಿ ಹೇಳಬೇಕಾಗಲಿಲ್ಲ.

ಎರಡನೆಯದು ಸಿಡುಬಿನ ಕೆಲಸ. ಊರು ಬಿಟ್ಟ ಜನರು ಗುಂಪುಗೂಡಿದಲ್ಲಿ ಬೇನೆಯೂ ಗುಂಪುಗೂಡುತ್ತದೆ. ಆ ಕಾಲದಲ್ಲಿ ಸಿಡುಬು, ಎಂದರೆ ನಮ್ಮ ಹಿರಿಯರು ದೇವಿ ಬೇನೆಯೆಂದು ಕರೆಯುತ್ತಿದ್ದುದು, ಮಕ್ಕಳ ಪಾಲಿಗೆ ಯಮನಾಗಿತ್ತು. ಇಂಗ್ಲೆಂಡಿನ ಜೆನ್ನರ್ ಎಂಬ ವೈದ್ಯರು ೧೭೯೬ರಲ್ಲಿ ಗೋಸಿಡುಬಿನ ಕೀವಿನಿಂದ ಈ ಬೇನೆಯನ್ನು ತಡೆಯಬಹುದೆಂದು ತೋರಿಸಿದರು. ೧೮೦೨ನೆಯ ಇಸವಿ ಜೂನ್ ೧೪ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಯ ತೋಳಿಗೆ ಹಾಕಿದ್ದೇ ಈ ದೇಶದ ಮೊದಲನೆಯ ದೇವಿ. ಆಗ ಔಷಧವನ್ನು ಶೀಸೆಯಲ್ಲಿ ಇಡುವ ಉಪಾಯವಿರಲಿಲ್ಲ. ಒಂದು ಮಗುವಿನ ತೋಳಿನಲ್ಲಿ ಎಂಟನೆಯ ದಿನ ಎದ್ದ ಗುಳ್ಳೆಯಿಂದ ರಸವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕು; ಹೀಗೆ ಸರಪಳಿಯು ಕಡಿಯದಂತೆ ಊರಿಂದೂರಿಗೆ ನಡೆಯಬೇಕು. ಪರಜಾತಿಯ ಮಗುವಿನ ರಸವನ್ನು ತಮ್ಮ ಮಗುವಿಗೆ ಹಾಕಿಸಲು ತಾಯಂದಿರು ಅಂಜುವದು ಸಹಜವೇ. ಸರಕಾರದ ಆಜ್ಞೆಗೆ ಬಾಗದ ಈ ಅಂಜಿಕೆಯು ಪರಿಚಿತನಾದವನ ಮಾತಿಗೆ ಬಾಗಿತು. ೧೮೦೩-೦೪ರಲ್ಲಿ ದುಬಾಯ್‌ರವರ ಪ್ರಯತ್ನದಿಂದ ೨೫,೪೩೨ ಜನರಿಗೆ ದೇವಿ ಹಾಕಿಸಲ್ಪಟ್ಟಿತೆಂದು ಲೆಕ್ಕವಿದೆ. ಅವರ ಪುಸ್ತಕಗಳನ್ನು ಓದದ ಎಷ್ಟೋ ಮನೆತನಗಳು ಈ ಲೆಕ್ಕದೊಳಗೆ ಉಳಿದುಕೊಂಡವು.

ಇಲ್ಲಿ ಹೆಣ್ಣುಮಕ್ಕಳ ಶಾಲೆಯವರಾದ ನಾವು ಸುಮ್ಮನಿರಲಾರದ ಒಂದು ಸಂಗತಿಯನ್ನು ಹೇಳಬೇಕು. ಕೆನರಾದಿಂದ ಒಯ್ದ ಕ್ರೈಸ್ತ ಹೆಂಗಸರಲ್ಲಿ ಕೆಲವರು ಟಿಪ್ಪುವಿನ ಅಂತಃಪುರದಲ್ಲಿದ್ದರು. ಅವರನ್ನು ತಮ್ಮವರಿಗೆ ಮರಳಿ ಕೊಡಬೇಕೆಂಬ ಬಿನ್ನಹವು ವೆಲ್ಲೆಸ್ಲಿಯ ಮುಂದೆ ಬಂದಾಗ ಅವನು ಅದನ್ನು ನಿರಾಕರಿಸಿದನು. ನಿರಾಕರಣೆಯು ನ್ಯಾಯವಲ್ಲವೆಂದು ಅವನೇ ಬಲ್ಲನು. ಆದರೆ ಮಡಿದ ಸುಲ್ತಾನನ ಕುಟುಂಬದ ಮಾನವನ್ನು ಕಾಯುವದಾಗಿ ಕಂಪನಿಯು ಮಾತು ಕೊಟ್ಟಿತ್ತು. ರಾಜ್ಯದ ಹಿತಕ್ಕೆ ಆ ಮಾತು ದೊಡ್ಡದೆಂದು ಅವನಿಗೆ ತೋರಿತು. ಆ ಹೆಂಗಸರ ಇಷ್ಟವೇನೆಂದು ಯಾರಾದರೂ ಅವರನ್ನೇ ಕೇಳಿದರೋ ಎಂದು ನಮ್ಮ ಮನಸ್ಸು ಇಂದಿಗೂ ಕೇಳುತ್ತದೆ. ಊರು ಬಿಟ್ಟವರ ಲೆಕ್ಕವನ್ನು ಬರೆದವರು ತಲೆಗಳನ್ನು ಎಣಿಸಿದರು. ಹೆಣ್ಣುಮಕ್ಕಳ ಬಾಳನ್ನು ಬರೆದವರು ಬಹು ಕಡಮೆ. ಓದು ಬರಹ ಬಲ್ಲ ಹೆಂಗಸು ತನ್ನ ಮಾತನ್ನು ತಾನೇ ಬರೆದಿಡಬಲ್ಲಳು. ಹುಡುಗಿಯರಿಗೆ ಹೈಸ್ಕೂಲು ಏತಕ್ಕೆಂದು ಕೇಳುವವರಿಗೆ ನಾವು ಕೊಡುವ ಉತ್ತರಗಳಲ್ಲಿ ಇದೊಂದು.

ದುಬಾಯ್‌ರವರು ಹಿಂದೂ ಜನರ ಆಚಾರವ್ಯವಹಾರಗಳನ್ನು ಕುರಿತು ಬರೆದ ಗ್ರಂಥದಿಂದ ಅವರ ಹೆಸರು ಲೋಕಪ್ರಸಿದ್ಧವಾಯಿತು. ಮೈಸೂರಿನ ರೆಸಿಡೆಂಟರಾಗಿದ್ದ ವಿಲ್ಕ್ಸ್ ಸಾಹೇಬರು ಹಸ್ತಪ್ರತಿಯನ್ನು ಮೆಚ್ಚಿದ ಮೇಲೆ, ಮದ್ರಾಸಿನ ಗವರ್ನರರಾದ ಬೆಂಟಿಂಕ್ ಪ್ರಭುಗಳು ೧೮೦೭ರಲ್ಲಿ ಕಂಪನಿಯ ಪರವಾಗಿ ಅದನ್ನು ಎರಡು ಸಾವಿರ ವರಹಗಳಿಗೆ ಕೊಂಡರು. ೧೮೧೬ರಲ್ಲಿ ಇಂಗ್ಲಿಷ್ ಅನುವಾದವು ಹೊರಬಂದಿತು. ಆದರೆ ಆ ಗ್ರಂಥದ ಬಹುಭಾಗವು ಅವರಿಗಿಂತ ಮೊದಲಿದ್ದ ಯೇಸುಸಭೆಯ ಕರ್ದು ಎಂಬ ಪಾದ್ರಿಗಳ ಹಸ್ತಪ್ರತಿಯಿಂದ ತೆಗೆದುದೆಂದು ಫ್ರೆಂಚ್ ವಿದುಷಿಯಾದ ಸಿಲ್ವಿಯಾ ಮ್ಯೂರ್ ೧೯೮೭ರಲ್ಲಿ ತೋರಿಸಿಕೊಟ್ಟರು. ಪರರ ಬರಹವನ್ನು ಹೇಳದೆ ನಕಲು ಮಾಡಬಾರದೆಂದು ದಿನಾಲು ಹುಡುಗಿಯರಿಗೆ ಹೇಳುವ ನಾವು ದೊಡ್ಡವರ ತಪ್ಪನ್ನು ಚಿಕ್ಕದೆನ್ನಲಾರೆವು. ಜಾತಿಕಟ್ಟಳೆಯನ್ನು ಅವರು ಹೊಗಳಿದ್ದನ್ನೂ ನಾವು ಒಪ್ಪಲಾರೆವು. ಅವರ ಕೀರ್ತಿಯು ಯಾವ ಪುಸ್ತಕದ ಮೇಲೆ ನಿಂತಿತೋ ಅದು ಪೂರ್ತಿ ಅವರದಲ್ಲ. ಸಾತಹಳ್ಳಿಯ ಹೊಲವೂ ಮಕ್ಕಳ ತೋಳಿನ ಮಚ್ಚೆಯೂ ಮಾತ್ರ ನಿಶ್ಚಯವಾಗಿ ಅವರವು.

ಸುಮಾರು ಮೂವತ್ತು ವರ್ಷಗಳ ಸೇವೆಯ ತರುವಾಯ, ೧೮೨೩ನೆಯ ಇಸವಿ ಜನವರಿಯಲ್ಲಿ, ಅವರು ಕಂಪನಿಯ ವಿಶ್ರಾಂತಿವೇತನವನ್ನು ಪಡೆದು ಸ್ವದೇಶಕ್ಕೆ ಮರಳಿದರು. ಆಗ ಅವರ ಮನಸ್ಸು ನಿರಾಶೆಯಿಂದ ತುಂಬಿತ್ತು. ತಾವು ಹೊಸದಾಗಿ ಕ್ರೈಸ್ತರನ್ನಾಗಿ ಮಾಡಿದವರು ಇನ್ನೂರು ಮುನ್ನೂರು ಜನರಷ್ಟೇ ಎಂದೂ, ತಮ್ಮ ಶ್ರಮವು ನಿಷ್ಫಲವಾಯಿತೆಂದೂ ಅದೇ ವರ್ಷ ಪ್ರಕಟವಾದ ಪತ್ರಗಳಲ್ಲಿ ಬರೆದರು. ಪ್ಯಾರಿಸಿನಲ್ಲಿ ತಮ್ಮ ಮಿಶನ್ ಸಂಸ್ಥೆಯ ನಿರ್ದೇಶಕರಲ್ಲಿ ಒಬ್ಬರಾಗಿ, ೧೮೩೬ರಿಂದ ೧೮೩೯ರ ವರೆಗೆ ಅದರ ಮುಖ್ಯಸ್ಥರಾಗಿದ್ದರು. ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಗೆ ತಂದರು. ೧೮೪೮ನೆಯ ಇಸವಿ ಫೆಬ್ರುವರಿ ೧೭ರಂದು ದೇವರ ಪಾದವನ್ನು ಸೇರಿದರು. ಮತಕ್ಕೆ ತಂದವರನ್ನು ಎಣಿಸಿ ಅವರು ಸೋತೆನೆಂದುಕೊಂಡರು. ನೆಲೆಗೆ ಹಚ್ಚಿದವರನ್ನು ಎಣಿಸಿದ್ದರೆ ಹಾಗೆ ಬರೆಯುತ್ತಿರಲಿಲ್ಲವೆಂದು ನಮಗೆ ತೋರುತ್ತದೆ.

ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದೇನು? ಯುದ್ಧವು ಒಂದು ದಿನ ನಿಲ್ಲುತ್ತದೆ. ಊರು ಬಿಟ್ಟ ಕಷ್ಟವು ಒಂದು ತಲೆಮಾರು ನಡೆಯುತ್ತದೆ. ಹಿಂದಕ್ಕೆ ಬರಲು ಅಪ್ಪಣೆ ಕೊಟ್ಟರೆ ಸಾಲದು. ಭೂಮಿ ಬೇಕು, ಆರೋಗ್ಯ ಬೇಕು, ಎಲ್ಲಕ್ಕೂ ಮೇಲೆ ಸಂಶಯಪಡದೆ ಪಕ್ಕದಲ್ಲಿ ಕೂಡ್ರಿಸಿಕೊಳ್ಳುವ ನೆರೆಯವರು ಬೇಕು. ದೇಶದೊಳಗೇ ನೆಲೆ ತಪ್ಪಿದವರಿಗಾಗಿ ವಿಶ್ವಸಂಸ್ಥೆಯಲ್ಲಿ ೧೯೯೮ರಲ್ಲಿ ಮೂವತ್ತು ಮಾರ್ಗದರ್ಶಕ ಸೂತ್ರಗಳನ್ನು ಮುಂದಿಟ್ಟರು. ಕಳೆದ ಕಾಗದಪತ್ರಗಳನ್ನು ಮತ್ತೆ ಕೊಡುವದು, ಆಸ್ತಿಯನ್ನು ಮರಳಿಸುವದು, ಮಕ್ಕಳ ಶಿಕ್ಷಣವನ್ನು ನಡೆಸುವದು ಇವೆಲ್ಲ ಅವುಗಳಲ್ಲಿವೆ. ಆದರೆ ಸೂತ್ರವು ಕಾಯಿದೆಯಲ್ಲ. ನಮ್ಮ ದೇಶದಲ್ಲಿಯೇ ೧೯೯೦ರಲ್ಲಿ ಕಾಶ್ಮೀರದ ಪಂಡಿತರೂ, ೨೦೨೩ರಲ್ಲಿ ಮಣಿಪುರದ ಸುಮಾರು ಅರವತ್ತು ಸಾವಿರ ಜನರೂ ಮನೆ ಬಿಟ್ಟರು. ದುಬಾಯ್‌ರವರು ಬರೆದ ಸಂಖ್ಯೆಯೂ ಅಷ್ಟೇ ಎಂಬುದನ್ನು ನೆನೆದಾಗ ಎದೆಯು ಝಲ್ಲೆನ್ನುತ್ತದೆ.

ಪ್ರಿಯ ಪೂರ್ವ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಇಂದು ಶಿಕ್ಷಕಿಯರಾಗಿಯೂ ದಾದಿಯರಾಗಿಯೂ ಕಚೇರಿಗಳಲ್ಲಿಯೂ ದುಡಿಯುತ್ತಿದ್ದೀರಿ. ಒಂದು ದಿನ ವರ್ಷದ ನಡುವೆ, ಕೈಯಲ್ಲಿ ವರ್ಗಾವಣೆ ಪತ್ರವಿಲ್ಲದ, ನಮ್ಮ ಭಾಷೆ ಬಾರದ ಹುಡುಗಿಯೊಬ್ಬಳು ನಿಮ್ಮ ಬಾಗಿಲಿಗೆ ಬಂದಾಳು. ಎಂಟನೆಯ ಇಯತ್ತೆಯ ವರೆಗೆ ಅಂಥ ಪತ್ರವಿಲ್ಲವೆಂದು ಮಗುವನ್ನು ಹೊರಗಿಡಬಾರದೆಂದು ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯೇ ಹೇಳುತ್ತದೆ. ಅದರ ಮೇಲಿನ ಇಯತ್ತೆಗಳಿಗೆ ನಿಮ್ಮ ಮನಸ್ಸಾಕ್ಷಿಯು ಹೇಳಲಿ. ಪಾಲಕರಾದ ನಿಮಗೂ ನಮ್ಮದೊಂದು ಬಿನ್ನಹ: ಆ ಹುಡುಗಿಯು ನಿಮ್ಮ ಮಗಳ ಪಕ್ಕದಲ್ಲಿ ಕೂತರೆ, ಎಲ್ಲಿಂದ ಬಂದವಳೆಂದು ಕೇಳುವದಕ್ಕೆ ಮೊದಲು ಊಟವಾಯಿತೇ ಎಂದು ಕೇಳಲು ಮಗಳಿಗೆ ಕಲಿಸಿರಿ. ಮಿಕ್ಕದ್ದನ್ನು ಕಲಿಸಲು ನಾವಿದ್ದೇವೆ.